ಪ್ಯಾಕಿನ ಮೇಲಿನ ಶಿಫಾರಸು

ನಮ್ಮ ಸೀಮೆಯ ನಾಯಕರ ಹತ್ತಿರ ಶಿಫಾರಸು ಬರೆಯಲು ಎರಡು ಬಗೆಯ ಕಾಗದಗಳಿದ್ದವು. ಒಂದು, ಅವರ ಹೆಸರು ಹುದ್ದೆಗಳೆಲ್ಲ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಲೆಟರ್‌ಹೆಡ್ಡು. ಕೇಳಿದವರಿಗೆಲ್ಲ ಅದರಲ್ಲಿ ಟೈಪು ಮಾಡಿಸಿ, ಸಹಿ ಹಾಕಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಇನ್ನೊಂದು, ಅವರು ಸೇದಿ ಮುಗಿಸಿದ ಸಿಗರೇಟು ಪ್ಯಾಕು. ಅದನ್ನು ಹರಿದು, ಒಳಮೈಯ ಬಿಳಿ ಭಾಗದ ಮೇಲೆ ‘ಇವರ ಕೆಲಸ ಆಗಬೇಕು’ ಎಂದು ಗೀಚಿಕೊಟ್ಟರೆ ಕೆಲಸ ಆಯಿತೆಂದೇ ಅರ್ಥ. ಲೆಟರ್‌ಹೆಡ್ಡು ಬಂದರೆ ಫೈಲಿಗೆ ಸೇರಿಸಿ ಸುಮ್ಮನಿರಿ, ಪ್ಯಾಕು ಬಂದರೆ ಅಂದೇ ಮಾಡಿಕೊಡಿ ಎಂದು ಅವರೇ ಅಧಿಕಾರಿಗಳಿಗೆ ಹೇಳಿಟ್ಟಿದ್ದರು. ಈ ಗುಟ್ಟು ಹೊಸಕೋಟೆಯಿಂದ ನೆಲಮಂಗಲದವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸೂಲಿಬೆಲೆಯಲ್ಲಿ ಕನ್ನಡ ಮೇಷ್ಟರು. ಹೆಂಡತಿ ತನ್ನ ತವರೂರಾದ ದೊಡ್ಡಬೆಳವಂಗಲದಲ್ಲಿ, ತಾಯಿಯ ಮನೆಯಲ್ಲಿದ್ದುಕೊಂಡು, ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ನಡುವೆ ಮೂರು ಬಸ್ಸು. ಶನಿವಾರ ಮಧ್ಯಾಹ್ನ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಗಂಡನಾಗುತ್ತಿದ್ದೆ, ಸೋಮವಾರ ಕೋಳಿ ಕೂಗಿದರೆ ಮತ್ತೆ ಮೇಷ್ಟರು. ಅವಳಿಗೆ ಆಗ ಐದು ತಿಂಗಳು, ಚೊಚ್ಚಲು.

“ಹೆರಿಗೆ ಹೊತ್ಗೆ ನೀವು ಊರಲ್ಲಿರ್ಬೇಕು. ಅಷ್ಟೇ ನಾನ್ ಕೇಳೋದು,” ಎಂದಿದ್ದಳು.

ನಾಯಕರ ಮನೆ ದಾರಿಯಲ್ಲೇ, ದೇವನಹಳ್ಳಿಯಲ್ಲಿ. ಹೋಗಿ ವರ್ಗಾವಣೆಗೆ ಕೈಮುಗಿದೆ. ಲೆಟರ್‌ಹೆಡ್ಡು ಸಿಕ್ಕಿತು. ಅದನ್ನು ಪ್ರಸಾದದಂತೆ ಹಿಡಿದುಕೊಂಡು ವರ್ಗಾವಣೆಯ ಕಚೇರಿಗೆ ಹೋದರೆ ಅಲ್ಲಿನ ಗುಮಾಸ್ತರು ನಕ್ಕರು.

“ಮೇಷ್ಟ್ರೇ, ಈ ಥರದ್ದು ನನ್ನತ್ರ ಒಂದು ಕಟ್ಟೇ ಇದೆ. ಪ್ಯಾಕ್ ಇಸ್ಕೊಂಡ್ ಬನ್ನಿ,” ಎಂದು ಗುಟ್ಟು ಬಿಚ್ಚಿದರು.

ಮತ್ತೆ ನಾಯಕರ ಬಳಿಗೆ ಓಡಿದೆ. ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆಯ ಮಾತು ಅಚ್ಚು ಹಾಕಬೇಕೆಂಬ ಕಾನೂನಿನ ಸುದ್ದಿ ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಗಾಳಿ ಬಂದಾಗ ತೂರಿಕೊಳ್ಳುವ ಮನುಷ್ಯ ಅವರು. ಬಸ್ ನಿಲ್ದಾಣ, ಕಚೇರಿ, ಟೆಂಟು ಸಿನಿಮಾ, ಎಲ್ಲೂ ಬೀಡಿ ಸಿಗರೇಟು ಕೂಡದು, ಸೇದಿದವರಿಗೆ ದಂಡ ಹಾಕಬೇಕು ಎಂದು ಹೋದಲ್ಲೆಲ್ಲ ಹೇಳತೊಡಗಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

“ಕನ್ನಡ ಮೇಷ್ಟ್ರಲ್ವಾ ನೀವು? ಹೊಗೆಸೊಪ್ಪಿನ ಮೇಲೆ ಒಂದು ಭಾಷಣ ಬರ್ಕೊಡಿ. ಕೇಳ್ದೋರ ಕೈಲಿರೋ ಬೀಡಿ ಹಂಗೇ ಕೆಳಗೆ ಬೀಳ್ಬೇಕು,” ಎಂದು ನಾಯಕರು ಸಿಗರೇಟು ಹಚ್ಚಿದರು. “ಆಮೇಲೆ ನಿಮ್ಮ ಪ್ಯಾಕ್ ಎಲ್ಲಿಗೋಗುತ್ತೆ?”

ಒಂದು ವಾರ ಕೂತು ಬರೆದೆ. ಬರೆಯುವವನ ಚಪಲ ಕೆಟ್ಟದ್ದು. ಕೊನೆಗೆ ಚಪ್ಪಾಳೆ ಬೀಳುವಂಥ ಒಂದು ಮಾತು ಬೇಕೆನಿಸಿ, ‘ಈ ಕ್ಷಣದಿಂದ ನಾನೂ ಬಿಟ್ಟೆ. ಇನ್ನು ನನ್ನ ಕೈಯಲ್ಲಿ ಸಿಗರೇಟು ಪ್ಯಾಕು ಕಂಡವರು ಅದನ್ನು ಕಿತ್ತು ನನ್ನ ಮುಖಕ್ಕೇ ಎಸೆಯಿರಿ’ ಎಂದು ಸೇರಿಸಿದೆ. ನಾಯಕರು ಮುಂಚೆ ಓದಿ ನೋಡುವವರಲ್ಲ. ದೇವನಹಳ್ಳಿಯ ಸಭೆಯಲ್ಲಿ ಗಂಟಲು ಏರಿಸಿ ಓದುತ್ತ ಹೋದವರು ಆ ಸಾಲಿಗೆ ಬಂದಾಗ ಒಂದು ಗಳಿಗೆ ತಡೆದರು. ಆಮೇಲೆ ಓದಿಯೇಬಿಟ್ಟರು. ಏನು ಚಪ್ಪಾಳೆ! ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಹಿಂದೆ ನಿಂತಿದ್ದ ನಾನೂ ತಟ್ಟಿದೆ, ಮೂರ್ಖ. ಮರುದಿನ ಪತ್ರಿಕೆಯಲ್ಲಿ ಆ ಮಾತೇ ಸುದ್ದಿಯ ತಲೆಯ ಮೇಲೆ ಕೂತಿತ್ತು.

ಮುಂದಿನ ಶನಿವಾರ ನನ್ನ ಪ್ಯಾಕು ಕೇಳಲು ಹೋದೆ. ನಾಯಕರು ಕೋಣೆಯ ಚಿಲಕ ಹಾಕಿಕೊಂಡು ಮಂಚದ ಮೇಲೆ ಕೂತು ಸೇದುತ್ತಿದ್ದರು.

“ಯಾವ ಬಾಯಲ್ಲಿ ಕೇಳ್ತೀರಿ ಮೇಷ್ಟ್ರೇ? ನೀವೇ ಬರ್ದಿದ್ದು. ಈಗ ಪ್ಯಾಕ್ ಮೇಲೆ ಬರ್ಕೊಟ್ರೆ ಪೇಪರ್ನೋರು ಬಿಡ್ತಾರಾ?” ಎಂದರು, ಮೂಗಿನಿಂದ ಹೊಗೆ ಬಿಡುತ್ತಲೇ. ಖಾಲಿ ಪ್ಯಾಕುಗಳನ್ನೆಲ್ಲ ನೀರೊಲೆಗೆ ಹಾಕಿಸುತ್ತಿದ್ದರಂತೆ. ನನಗೆ ಇನ್ನೊಂದು ಲೆಟರ್‌ಹೆಡ್ಡು ಕೊಟ್ಟು ಕಳಿಸಿದರು.

ಗುಮಾಸ್ತರು ಅದನ್ನೂ ನೋಡಿದರು. “ಎರಡು ಸಲ ಕೊಟ್ಟವ್ರೆ ಅಂದ್ರೆ ಎರಡು ಸಲ ಬೇಡ ಅಂದಂಗೆ,” ಎಂದರು.

ಕೋಲು ಕೊಟ್ಟು ಪೆಟ್ಟು ತಿಂದವನು ನಾನು. ಆದರೆ ಪೆಟ್ಟು ಸೀಮೆಗೆಲ್ಲ ಬಿತ್ತು, ಪ್ಯಾಕು ನಿಂತ ಮೇಲೆ ಯಾರ ಕೆಲಸವೂ ಆಗುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ, ಪಂಪ್‌ಸೆಟ್ಟಿನ ಕರೆಂಟಿಗಾಗಿ ಅಲೆಯುತ್ತಿದ್ದ ಆವತಿ ಕಡೆಯ ರೈತರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು: “ಸೇದ್ತಿದ್ದಾಗ್ಲೇ ದೇವ್ರಂಗಿದ್ದ ಕಣ್ಲಾ. ಆ ಭಾಷಣ ಬರ್ಕೊಟ್ಟೋನ್ ಕೈ ಮುರ್ದೋಗ.” ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಹೆಂಡತಿಗೆ ದಿನ ತುಂಬಿದ ಶನಿವಾರ ಅದು. ದೇವನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ನಾಯಕರ ಕಡೆಯವರು ನನ್ನನ್ನು ಹಿಡಿದು ಅವರ ಮನೆಗೆ ಕರೆದೊಯ್ದರು. ಮರುದಿನ ನೆಲಮಂಗಲದಲ್ಲಿ ಸಭೆ, ಅದೇ ವಿಷಯ, ಹೊಸ ಭಾಷಣ ಬೇಕು.

“ಅರ್ಧ ಗಂಟೆ ಕೆಲ್ಸ ಮೇಷ್ಟ್ರೇ. ಇದೊಂದ್ ಆಗ್ಲಿ, ಪ್ಯಾಕ್ ಮೇಲೇ ಬರ್ಕೊಡ್ತೀನಿ. ಯಾರ್ಗೂ ಹೇಳ್ಬೇಡಿ,” ಎಂದರು ನಾಯಕರು.

ಆಸೆ ನೋಡಿ, ಕೂತೆ. ಹೊರಗಿನವರಿಗೆ ಕಾಣಬಾರದೆಂದು ಕೋಣೆಯ ಬಾಗಿಲು ಕಿಟಕಿ ಎಲ್ಲ ಭದ್ರ. ಅವರು ಒಂದರ ಬೆಂಕಿಯಿಂದ ಇನ್ನೊಂದನ್ನು ಹಚ್ಚುತ್ತ, “ದಂಡ ಇನ್ನೂ ಜಾಸ್ತಿ ಮಾಡಿ, ಜೈಲು ಅಂತ್ಲೂ ಸೇರ್ಸಿ,” ಎನ್ನುತ್ತ ಅತ್ತಿತ್ತ ಓಡಾಡಿದರು. ಹೊಗೆ ಹಾಕಿ ಹಣ್ಣು ಮಾಡುವ ಬಾಳೆಗೊನೆಯಂತೆ ನಾನು ನಡುವೆ ಕೂತಿದ್ದೆ. ಬರೆದು ಮುಗಿಸುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಪ್ಯಾಕು ಕೇಳಿದರೆ, ಈ ಸಭೆಯೊಂದು ಮುಗಿಯಲಿ ಎಂದರು. ಅವರ ಜಗಲಿಯಲ್ಲೇ ಮಲಗಿದೆ.

ಭಾನುವಾರ ಬೆಳಗ್ಗೆ ದೊಡ್ಡಬೆಳವಂಗಲ ಮುಟ್ಟಿದಾಗ ಮಗಳು ಹುಟ್ಟಿಯಾಗಿತ್ತು, ಹಿಂದಿನ ಸಂಜೆಯೇ. ಹೆರಿಗೆ ಕಷ್ಟದ್ದಾಯಿತಂತೆ. ನೋವಿನಲ್ಲಿ ಹೆಂಡತಿ ನನ್ನ ಹೆಸರು ಹಿಡಿದು ಕೂಗಿದಳಂತೆ. ಮದುವೆಯಾದಂದಿನಿಂದ ಒಮ್ಮೆಯೂ ನನ್ನ ಹೆಸರು ಬಾಯಲ್ಲಿ ತಂದವಳಲ್ಲ. ಯಾಕೆ ತಡ ಎಂದು ಅವಳು ಕೇಳಲಿಲ್ಲ, ಕೇಳಿ ಬೈದಿದ್ದರೆ ಚೆನ್ನಾಗಿತ್ತು. ಮಗುವಿಗೆ ಕೈ ಚಾಚಿದೆ. ಸಾಂಬ್ರಾಣಿ ಹೊಗೆ ತುಂಬಿದ ಆ ಬಾಣಂತಿ ಕೋಣೆಯಲ್ಲೂ ನನ್ನ ಅಂಗಿಯ ಸಿಗರೇಟು ವಾಸನೆ ಅವಳಿಗೆ ಬೇರೆಯಾಗಿಯೇ ತಿಳಿಯಿತು. ಮಗುವನ್ನು ಎದೆಗೆಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲ ನಾನು. ನಾಚಿಕೆಯಾಗಿ, ಚಾಚಿದ ಕೈ ಹಿಂದಕ್ಕೆಳೆದುಕೊಂಡೆ.

ಬಿಸಿನೀರು ಹಿಡಿದು ಬಂದ ಅತ್ತೆ ಒಳ್ಳೆಯ ಮನಸ್ಸಿನವರು, ಸಿಡುಕಲಿಲ್ಲ.

“ಸ್ನಾನ ಮಾಡ್ಕೊಂಡ್ ಬನ್ನಿ ಅಳಿಯಂದ್ರೇ, ಆಮೇಲೆ ಎತ್ಕೊಳ್ಳೋರಂತೆ,” ಎಂದರು. ನಾನು ಹೊರಟಾಗ ಹಿಂದೆಯೇ ಬಂದು ದನಿ ತಗ್ಗಿಸಿದರು. “ಮನಸ್ಸು ಮಾಡಿದ್ರೆ ಬಿಡಬೋದು. ನಮ್ ದೇವನಹಳ್ಳಿ ನಾಯಕರು ಬಿಟ್ಟಿಲ್ವಾ, ಪೇಪರ್ನಲ್ಲಿ ಬಂದಿತ್ತು. ಅವರನ್ನ ನೋಡಾದ್ರೂ ಕಲ್ತ್ಕೊಬಾರ್ದಾ?”