ಮೇ ತಿಂಗಳ ಬಿಸಿಲು ತುಂಬಿದ ಚೀಲ

ಯಲ್ಲಾಪುರದ ಮುನವ್ವರ್ ಸಾಮಾನು ತುಂಬಿದ ಲಾರಿಯನ್ನು ತಾಡಪತ್ರಿಯ ಹೊದಿಕೆ ಕಟ್ಟದೆ ಹೊರಡಿಸಿದ್ದನ್ನು ಯಾರೂ ಕಂಡಿಲ್ಲ. ಮಾರ್ಚ್ ತಿಂಗಳ ಸುಡುಬಿಸಿಲಲ್ಲೂ ಕಟ್ಟುತ್ತಿದ್ದ. ಬೇರೆ ಡ್ರೈವರುಗಳು ನಗುತ್ತಿದ್ದರು.

"ಮುನವ್ವರ್‌ಭಾಯ್, ಮಳೆ ಇನ್ನೂ ಸಮುದ್ರದ ಆಚೆ ಅದೆ."

"ಆಚೆ ಇರೋವಾಗ್ಲೇ ಕಟ್ಬೇಕು. ಈಚೆ ಬಂದ್ಮೇಲೆ ಕಟ್ಟಿದ್ರೆ ಒದ್ದೆ ಸಾಮಾನಿಗೆ ಹೊದಿಕೆ ಹಾಕಿದ ಹಾಗೆ."

ನಾನು ಶಿರಸಿಯಲ್ಲಿ ಪುಸ್ತಕದ ಅಂಗಡಿ ನಡೆಸುವವನು. ಒಂದು ಜುಲೈ ತಿಂಗಳಲ್ಲಿ ಹುಬ್ಬಳ್ಳಿಯಿಂದ ನನ್ನ ಶಾಲಾಪುಸ್ತಕಗಳ ಕಟ್ಟುಗಳನ್ನು ತಂದಿಳಿಸಿದವನು ಅವನು. ದಾರಿಯುದ್ದಕ್ಕೂ ಮಳೆ. ಅವನ ಅಂಗಿ, ಗಡ್ಡ, ಜೇಬಿನ ಬೀಡಿ ಎಲ್ಲ ತೊಯ್ದಿದ್ದವು. ಪುಸ್ತಕಗಳು ಮಾತ್ರ ಗರಿಗರಿಯಾಗಿದ್ದವು. ಒಳಗೆ ಕರೆದು ಚಹಾ ಕೊಟ್ಟೆ. ಆ ಚಹಾದಿಂದ ಶುರುವಾದ ಸ್ನೇಹ ಕಳೆದ ವರ್ಷದ ಮೇ ಕೊನೆಯವರೆಗೂ ನಡೆಯಿತು. ಒಂದು ಬೆಳಿಗ್ಗೆ ಲಾರಿ ಹತ್ತಲು ಕಾಲೆತ್ತಿದವನು ಹಾಗೆಯೇ ಕುಸಿದ. ಮೆದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು.

ಅವನಿಗೊಂದು ಆಸೆಯಿತ್ತು. ಸಿದ್ದಾಪುರದ ಅಡಿಕೆ ಹೇರಿಕೊಂಡು ಉತ್ತರದ ಕಡೆ ಹೋಗಿದ್ದಾಗ, ಯಾವುದೋ ಢಾಬಾದ ಮುಂದೆ ಮುಖ ತೊಳೆಯುತ್ತ ತಲೆಯೆತ್ತಿದರೆ ಆಕಾಶದಲ್ಲಿ ಬಿಳಿಯದೊಂದು ಗೆರೆ ಕಂಡಿತಂತೆ. ಮೋಡವೆಂದುಕೊಂಡ. ಢಾಬಾದವನು ನಕ್ಕು, ಅದು ಹಿಮದ ಬೆಟ್ಟ ಎಂದ. ಊರಿಗೆ ಬಂದವನೇ ನನ್ನ ಅಂಗಡಿಯಲ್ಲಿ ಕೂತು, "ಒಂದ್ಸಲ ಅಲ್ಲಿಗೆ ನಡ್ಕೊಂಡು ಹೋಗ್ಬೇಕು ಉದಯ. ಈ ಸಲ ಲೋಡು ನನ್ನ ಬೆನ್ನ ಮೇಲೆ" ಎಂದ. ಆ ಮಾತು ಬಹಳ ವರ್ಷ ಮಾತಾಗಿಯೇ ಉಳಿಯಿತು. ಕೊನೆಗೆ ಕಳೆದ ವರ್ಷ, ಸೆಪ್ಟೆಂಬರಿನಲ್ಲಿ ಹೊರಡುವ ಚಾರಣದ ತಂಡವೊಂದಕ್ಕೆ ಇಬ್ಬರ ಹೆಸರೂ ಬರೆಸಿಯೇಬಿಟ್ಟ.

ನಾನು ಮಳೆಯ ವಿಷಯ ತಲೆಗೆ ಹಚ್ಚಿಕೊಂಡಿರಲಿಲ್ಲ. ನಮ್ಮ ಕಡೆಯವರು ಮಳೆಯಲ್ಲಿ ಹುಟ್ಟಿ ಮಳೆಯಲ್ಲಿ ಬೆಳೆದವರು, ಅಲ್ಲಿನ ಮಳೆ ಇದಕ್ಕಿಂತ ಹೆಚ್ಚೇನು ಎಂದೆ.

"ಹೆಚ್ಚಲ್ಲ, ಕಡಿಮೆ. ಆದ್ರೆ ಇಲ್ಲಿ ನೆನೆದ್ರೆ ಮನೇಲಿ ಬಚ್ಚಲ ಒಲೆ ಉರೀತಿರ್ತದೆ. ಅಲ್ಲಿ ನಿಂಗೆ ಬಚ್ಚಲ ಒಲೆ ಯಾರು ಹಾಕಿಟ್ಟಿರ್ತಾರೆ ಮಾರಾಯ?"

ಲಾರಿಯ ಹಳೆಯ ಹೊದಿಕೆಯಿಂದ ಇಬ್ಬರಿಗೂ ಮಳೆಯಂಗಿ ಹೊಲಿಸಿದ. ಒಂದು ಹನಿಯೂ ಒಳಗಿಳಿಯದ ಹಾಗೆ, ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚಿದ್ದು. ಅದನ್ನು ತೊಟ್ಟು ಅಭ್ಯಾಸಕ್ಕೆಂದು ಜೇನುಕಲ್ಲು ಗುಡ್ಡ ಹತ್ತಿದೆವು. ಮೇಲೆ ಮುಟ್ಟಿ ಅಂಗಿ ಕಳಚಿದರೆ ಇಬ್ಬರೂ ಕೆರೆಯಲ್ಲಿ ಅದ್ದಿ ತೆಗೆದಂತಿದ್ದೆವು. ಮಳೆಯೇ ಬಂದಿರಲಿಲ್ಲ. ಎಲ್ಲ ನಮ್ಮದೇ ಬೆವರು. ಮುನವ್ವರ್ ಬಂಡೆಯ ಮೇಲೆ ಕೂತು ಅಂಗಿ ಹಿಂಡುತ್ತ ಹೊಟ್ಟೆ ಹಿಡಿದು ನಕ್ಕ. "ಅಡಿಕೆ ಮೂಟೆ ಅಂದ್ಕೊಂಡು ಹೊಲಿಸಿಬಿಟ್ಟೆ. ಅದಕ್ಕೆ ನಡೆಯೋ ಕೆಲಸ ಇಲ್ಲ ನೋಡು!" ಮರುದಿನವೇ ಕಂಕುಳ ಕೆಳಗೆ ಗಾಳಿಗೆ ದಾರಿ ಬಿಡಿಸಿದ.

ಮೇ ತಿಂಗಳ ಮೊದಲ ವಾರ ಅವನ ಮನೆಗೆ ಹೋದಾಗ ಅಂಗಳದ ಚಾಪೆಯ ಮೇಲೆ ಉಣ್ಣೆಯ ಅಂಗಿ, ಕಾಲುಚೀಲ, ಟೊಪ್ಪಿಗಳು ಬಿಸಿಲಿಗೆ ಬಿದ್ದಿದ್ದವು. ಪಕ್ಕದಲ್ಲೇ ಅವನ ಹೆಂಡತಿ ಖತೀಜಾ ಒಣಹಾಕಿದ್ದ ಕೆಂಪು ಮೆಣಸಿನಕಾಯಿ.

"ನೋಡಿ ಉದಯಣ್ಣ, ನನ್ನ ಮೆಣಸಿನಕಾಯಿ ಮೂಲೆಗೆ ತಳ್ಳಿ ಇವ್ರ ಸ್ವೆಟರಿಗೆ ಜಾಗ. ಹೋಗೋದು ಸೆಪ್ಟೆಂಬರಿಗೆ!"

"ಜೂನ್ ಬಂದ್ಮೇಲೆ ಈ ಊರಲ್ಲಿ ಎಂತ ಒಣಗ್ತದೆ? ಬೂಷ್ಟು ಹಿಡೀತದೆ. ಬಿಸಿಲು ಈಗ ಅದೆ, ಈಗ್ಲೇ ತುಂಬಿಟ್ಕೋಬೇಕು."

ಸಂಜೆಗೆ ಬಟ್ಟೆಗಳು ಇನ್ನೂ ಬೆಚ್ಚಗಿರುವಾಗಲೇ ಮಡಚಿ, ತಾಡಪತ್ರಿಯ ಎರಡು ಸಣ್ಣ ಚೀಲಗಳಲ್ಲಿ ತುಂಬಿದ. ಒಂದು ಅವನದು, ಒಂದು ನನ್ನದು. ನಡೆಯುವಾಗ ಇದನ್ನು ಮುಟ್ಟಕೂಡದು, ಎಷ್ಟೇ ನೆನೆದರೂ ಡೇರೆಯೊಳಗೆ ಹೋದ ಮೇಲೆಯೇ ತೆಗೆಯಬೇಕು ಎಂದ. ಬಾಯಿ ಸುತ್ತಿ, ಲಾರಿಯ ಹಗ್ಗಕ್ಕೆ ಹಾಕುವ ಗಂಟು ಹಾಕಿದ. ಘಟ್ಟದ ತಿರುವಿನಲ್ಲೂ ಸಡಿಲವಾಗದ ಗಂಟು, ಆದರೆ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಶಿರಸಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅರ್ಷಿಯಾ ನೋಡುತ್ತಿದ್ದಳು.

"ಇಷ್ಟು ಸಲೀಸಾಗಿ ಬಿಚ್ಚುತ್ತಲ್ಲ ಅಬ್ಬಾ?"

"ಇಳಿಸೋನ ಕೈಗೆ ಬಿಚ್ಚಬೇಕಲ್ಲ? ಇಲ್ದಿದ್ರೆ ಹಮಾಲಿ ನಮ್ಮಪ್ಪನ್ನೂ ಸೇರಿಸಿ ಬೈತಾನೆ."

ಆ ತಿಂಗಳ ಕೊನೆಗೆ ಅವನು ಇರಲಿಲ್ಲ.

ನಾನು ಚಾರಣ ಬಿಟ್ಟುಬಿಡುವುದೆಂದು ನಿಶ್ಚಯಿಸಿದ್ದೆ. ಆಗಸ್ಟಿನಲ್ಲಿ ಅರ್ಷಿಯಾ ಅಂಗಡಿಗೆ ಬಂದಳು. "ಕಾಕಾ, ಅಬ್ಬಾನ ಜಾಗದಲ್ಲಿ ನಾನು ಬರ್ತೇನೆ" ಎಂದಳು. ಖತೀಜಾ ಬೇಡವೆನ್ನಲಿಲ್ಲ. ಹೊರಡುವ ದಿನ ಬಾಗಿಲ ಬಳಿ ನಿಂತು ಇಷ್ಟೇ ಹೇಳಿದರು: "ಉದಯಣ್ಣ, ಅವ್ರು ಯಾರ ಸಾಮಾನನ್ನೂ ಒದ್ದೆ ಮಾಡಿ ಒಪ್ಪಿಸಿದವ್ರಲ್ಲ. ನನಗಿರೋದು ಇವಳೊಬ್ಬಳೇ."

ಬೆಟ್ಟದಲ್ಲಿ ಮೊದಲ ದಿನಗಳು ಬಿಸಿಲಿನವು. ಅರ್ಷಿಯಾ ನನಗಿಂತ ಮುಂದೆ ನಡೆದು, ತಿರುವಿನಲ್ಲಿ ಕೂತು, "ಓವರ್‌ಲೋಡ್ ಆಯ್ತೇನು ಕಾಕಾ?" ಎಂದು ಕೆಣಕುತ್ತಿದ್ದಳು. ಕಣಿವೆ ದಾಟಿ ಹಿಮದ ಮೇಲೆ ಕಾಲಿಡಲು ಇನ್ನೊಂದೇ ದಿನದ ದಾರಿಯಿತ್ತು. ಅಂದು ಮಧ್ಯಾಹ್ನ, ನೀಲಿ ಆಕಾಶ ನೋಡನೋಡುತ್ತಲೇ ಬೂದುಬಣ್ಣಕ್ಕೆ ತಿರುಗಿತು. ಮೊದಲು ಆಲಿಕಲ್ಲು, ಆಮೇಲೆ ಹಿಮ ಬೆರೆತ ಮಳೆ. ಗಾಳಿ ಅವಳ ಮಳೆಯಂಗಿಯನ್ನು ಎತ್ತಿ ತಲೆಯ ಮೇಲೆ ಹಾಕಿತು. ಅದನ್ನು ಎಳೆದುಕೊಳ್ಳುವಷ್ಟರಲ್ಲಿ ಒಳಗಿನ ಬಟ್ಟೆಯೆಲ್ಲ ತೊಯ್ದುಹೋಯಿತು. ಹಿಂದಿನ ದಿನ ಒಗೆದ ಇನ್ನೊಂದು ಜೊತೆ ಬಟ್ಟೆ ಇನ್ನೂ ಒಣಗಿರಲಿಲ್ಲ.

ಡೇರೆ ಸೇರಿದಾಗ ಅವಳ ಹಲ್ಲು ಕಟಕಟಿಸುತ್ತಿತ್ತು. ತಂಡದ ಮಾರ್ಗದರ್ಶಿ ಇಣುಕಿ, ತಕ್ಷಣ ಒಣಬಟ್ಟೆ ಹಾಕಿಕೊಳ್ಳಬೇಕು, ಈ ಚಳಿಯಲ್ಲಿ ಒದ್ದೆಮೈ ಜೀವಕ್ಕೇ ಕುತ್ತು ಎಂದು ಹೇಳಿ ಬಿಸಿನೀರು ತರಲು ಓಡಿದ. ಅವಳು ತಂದೆಯ ಪಾಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಿಚ್ಚದೆ ಕೂತಿದ್ದಳು.

"ಬಿಚ್ಚು, ಅರ್ಷಿಯಾ."

"ಬೇಡ ಕಾಕಾ. ಇದು... ಇದು ಅಬ್ಬಾ ಹಾಕಿದ ಗಂಟು. ಲಾರಿ ಮಾರಿ ಆಯ್ತು. ಇನ್ನ ಇದೊಂದೇ ಇರೋದು. ನಂಗೆ ಅಷ್ಟು ಚಳಿ ಇಲ್ಲ."

ಮಾತು ತೊದಲುತ್ತಿತ್ತು. ತುಟಿ ನೀಲಿಗಟ್ಟಿತ್ತು. ನನಗೆ ಬಾಗಿಲಲ್ಲಿ ನಿಂತ ಖತೀಜಾ ಕಣ್ಣಮುಂದೆ ಬಂದರು. ಕಸಿದು ಬಿಚ್ಚಬಹುದಿತ್ತು. ಆದರೆ ಅದು ನಾನು ಕೈ ಹಾಕುವ ಗಂಟಲ್ಲ. ನನ್ನ ಚೀಲ ಎಳೆದುಕೊಂಡೆ. ಅದರ ಗಂಟೂ ಅವನದೇ. ನಾನೂ ಅದನ್ನು ಅಷ್ಟು ದಿನ ಬಿಚ್ಚಿರಲಿಲ್ಲ. ಅವಳು ನೋಡುತ್ತಿರುವಂತೆ ತುದಿ ಹಿಡಿದು ಎಳೆದೆ. ಬಿಚ್ಚಿಕೊಂಡಿತು.

"ಗಂಟು ಹಾಕಿ ಹಾಗೇ ಇಟ್ಕೊಂಡ ಡ್ರೈವರ್ ಯಾರಾದ್ರೂ ಇದಾರೇನೇ?" ಎಂದೆ. "ಇಳಿಸೋ ಜಾಗ ಬಂತು ಮಗಳೇ. ಇದೇ ಜಾಗಕ್ಕೆ ಅಂತ ತುಂಬಿದ್ದು ಅವನು."

ಅವಳು ಗಂಟಿನ ತುದಿಯನ್ನು ನೋಡಿದಳು. ಆಮೇಲೆ ಸಣ್ಣಗೆ, "ಹಮಾಲಿ ಬೈತಾನೆ" ಎಂದಳು. ಬೆರಳುಗಳು ಮರಗಟ್ಟಿ ಹಗ್ಗ ಹಿಡಿಯಲಾಗುತ್ತಿರಲಿಲ್ಲ. ಎರಡೂ ಅಂಗೈಗಳ ನಡುವೆ ತುದಿಯನ್ನು ಒತ್ತಿ ಹಿಡಿದು ಎಳೆದಳು. ಒಂದೇ ಎಳೆತ. ಅಂಥ ಬೆರಳುಗಳಿಗೂ ಬಿಚ್ಚಿಕೊಟ್ಟಿತು ಆ ಗಂಟು.

ನಾನು ಹೊರಗೆ ಹೋಗಿ ನಿಂತೆ. ಒಳಗಿನಿಂದ ಜೋರಾಗಿ ಒಂದು ಸೀನು ಕೇಳಿಸಿತು. ಇನ್ನೊಂದು. ಮತ್ತೂ ಒಂದು. ಅಳುವೋ ನಗುವೋ ತಿಳಿಯದ ದನಿಯಲ್ಲಿ ಅವಳು ಕೂಗಿದಳು: "ಕಾಕಾ, ಅಮ್ಮೀದು ಮೆಣಸಿನಕಾಯಿ ಘಾಟು!"

ಒಳಗೆ ಹೋದಾಗ ತಂದೆಯ ದೊಡ್ಡ ಸ್ವೆಟರಿನಲ್ಲಿ ಅವಳು ಮುಳುಗಿಹೋಗಿದ್ದಳು. ತೋಳುಗಳು ಕೈಗಿಂತ ಗೇಣುದ್ದ ಹೆಚ್ಚಾಗಿ ಜೋಲುತ್ತಿದ್ದವು. ಮೇ ತಿಂಗಳಲ್ಲಿ ಹೇಗೆ ತುಂಬಿದ್ದನೋ ಹಾಗೆಯೇ ಇದ್ದವು ಬಟ್ಟೆಗಳು, ಒಂದು ಎಳೆಯೂ ತೇವವಿಲ್ಲದೆ. ಬಿಸಿನೀರು ಕುಡಿದು, ನಡುಕ ನಿಧಾನಕ್ಕೆ ಇಳಿದ ಮೇಲೆ ಅವಳ ಮೊದಲ ಮಾತು, "ಅಬ್ಬಾ ಇಷ್ಟು ದಪ್ಪ ಇದ್ರಾ ಕಾಕಾ?"

ಮರುದಿನ ಮೇಲಿನ ದಾರಿ ಮುಚ್ಚಿತ್ತು. ನಾವು ಇಳಿದುಬಂದೆವು. ಮುನವ್ವರ್ ಕಂಡ ಬಿಳಿಗೆರೆಯನ್ನು ಮುಟ್ಟಲು ನಮ್ಮಿಂದ ಆಗಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಅರಬೈಲ್ ಘಟ್ಟದಲ್ಲಿ ಮಂಜು ಕವಿದರೆ ಅವನೂ ಲಾರಿ ನಿಲ್ಲಿಸಿ ಚಹಾ ಕುಡಿಯುತ್ತ ಕೂರುವವನೇ ಆಗಿದ್ದ.

ಯಲ್ಲಾಪುರದಲ್ಲಿ ಬಸ್ ಇಳಿದಾಗ ಜಿಟಿಜಿಟಿ ಮಳೆ. ಖತೀಜಾ ಕೊಡೆ ಹಿಡಿದು ಕಾಯುತ್ತಿದ್ದರು. ಮಗಳ ಮೈಮೇಲಿದ್ದ ಸ್ವೆಟರನ್ನು ನೋಡಿದರು. ಜೋಲುತ್ತಿದ್ದ ತೋಳನ್ನು ಹಿಡಿದು ಒಂದೊಂದೇ ಮಡಿಕೆ ಮೇಲಕ್ಕೆ ಮಡಚಿದರು. ಆಮೇಲೆ ನನ್ನನ್ನು ಕೇಳಿದರು.

"ನೆನೆದ್ಲಾ?"

"ನೆನೆದ್ಲು," ಎಂದೆ. "ಒಣಗಿಸಿದ್ದು ನಿಮ್ಮ ಯಜಮಾನ್ರು."