ಸಿರಿಗೆ ಹೋಳಿಗೆ ಯಾಕಿಲ್ಲ?

ಮೊನ್ನೆ ಹೊಳಲ್ಕೆರೆಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಆರು ವರ್ಷದ ಸಿರಿ ಕೂತಿದ್ದಳು. ಹೊಸದುರ್ಗದ ನಮ್ಮ ಗಂಗಮ್ಮ ಚಿಕ್ಕಮ್ಮನ ಮೊಮ್ಮಗಳು. ಹೋಳಿಗೆ ಬಡಿಸಲು ಬಂದರೆ, ಅವಳಮ್ಮ, ಚಿಕ್ಕಮ್ಮನ ಸೊಸೆ ರೇಖಾ, ಎಲೆಗೆ ಕೈ ಅಡ್ಡ ಹಿಡಿದಳು. ಬ್ಯಾಗಿನಿಂದ ಡಬ್ಬಿ ತೆಗೆದಳು. ಒಳಗೆ ಪನೀರ್, ಕಾಯಿತುರಿ, ಮೇಲೆ ಧಾರಾಳ ತುಪ್ಪ. ಅನ್ನವಿಲ್ಲ, ಮುದ್ದೆಯಿಲ್ಲ.

ಎದುರು ಸಾಲಿನ ಅಜ್ಜಿಯೊಬ್ಬರಿಗೆ ತಡೆಯಲಾಗಲಿಲ್ಲ. "ಏನವ್ವ, ಮದುವೆ ಮನ್ಯಾಗೆ ಕೂಸಿಗೆ ಒಂದು ಹೋಳ್ಗೆ ಕೊಡಾಕಾಗಲ್ವಾ? ಇಷ್ಟು ಸಣ್ಣ ಹುಡುಗೀಗೆ ಶುಗರ್ರಾ?"

ಶುಗರ್ ಅಲ್ಲ. (ನಮ್ಮ ಕಡೆ ಸಿಹಿ ಬೇಡ ಅಂದವರೆಲ್ಲ ಶುಗರ್ ಪೇಷಂಟೇ.)

ಸಿರಿ ಮೂರು ವರ್ಷದವಳಿದ್ದಾಗಿನಿಂದ ಬೆಳಿಗ್ಗೆ ಎದ್ದರೆ ತೂರಾಡುತ್ತಿದ್ದಳು. ಒಮ್ಮೊಮ್ಮೆ ಫಿಟ್ಸ್. ತಿಂಡಿ ತಿಂದ ಮೇಲೆ ಸುಧಾರಿಸುತ್ತಿದ್ದಳು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ನಾರ್ಮಲ್. ಮಾತ್ರೆಗಳಿಗೆ ಫಿಟ್ಸ್ ಬಗ್ಗಲಿಲ್ಲ.

ಚಿಕ್ಕಮ್ಮ ಮಾತ್ರ ಕಾರಣ ಕಂಡುಹಿಡಿದುಬಿಟ್ಟಿದ್ದರು. "ನಮ್ಮ ವಂಶದಾಗೆ ಇಂಥದ್ದಿಲ್ಲ. ಎಲ್ಲಾ ಅವಳ ತವರಿನ ಕಡೇದು."

ರೇಖಾ ತವರಿಗೆ ಹೋಗುವುದನ್ನೇ ಬಿಟ್ಟಳು. ಈ ಮಾತನ್ನು ಹೆತ್ತಮ್ಮನ ಮುಂದೆ ಹೇಗೆ ಹೇಳುವುದು?

ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು ಮಗುವಿನ ಬೆನ್ನಿನಿಂದ ನೀರು ತೆಗೆದು ಟೆಸ್ಟ್ ಮಾಡಿಸಿದರು. ರಕ್ತದಲ್ಲಿ ಸರಿಯಾಗಿದ್ದ ಸಕ್ಕರೆ, ಮಿದುಳಿನ ಸುತ್ತಲೂ ಇರುವ ಆ ನೀರಿನಲ್ಲಿ ಬಹಳ ಕಮ್ಮಿ. ರಕ್ತದಿಂದ ಮಿದುಳಿಗೆ ಸಕ್ಕರೆ ದಾಟಿಸುವುದಕ್ಕೆ ಒಂದು ಪ್ರೊಟೀನ್ ಇದೆಯಂತೆ. ಸಿರಿಗೆ ಅದನ್ನು ತಯಾರಿಸುವ ಜೀನ್‌ನಲ್ಲೇ ದೋಷ. ಮೈಯಲ್ಲಿ ಸಕ್ಕರೆ ಇದ್ದೂ ಮಿದುಳು ಉಪವಾಸ. ಕೊಬ್ಬಿನಿಂದ ಹುಟ್ಟುವ ಶಕ್ತಿ ಬೇರೆ ದಾರಿಯಲ್ಲಿ ಮಿದುಳು ಸೇರುತ್ತದೆ. ಅದಕ್ಕೇ ಡಾಕ್ಟರು ಹೇಳಿದಂತೆ ತೂಗಿ ಕೊಡುವ ಈ ತುಪ್ಪದ ಊಟ. ಶುರುಮಾಡಿದ ಮೇಲೆ ಫಿಟ್ಸ್ ನಿಂತಿದೆ.

ಜೀನ್ ಟೆಸ್ಟ್ ಅಪ್ಪ-ಅಮ್ಮನಿಗೂ ಆಯಿತು. ರೇಖಾಳಲ್ಲಿ ಏನೂ ಇಲ್ಲ. ಅದೇ ದೋಷ ಇದ್ದದ್ದು ಅಪ್ಪ ಮಂಜುನಾಥನಲ್ಲಿ, ತೊಂದರೆ ಮಾತ್ರ ಕಮ್ಮಿ. ಚಿಕ್ಕವನಿದ್ದಾಗ ಹಸಿದು ಓಡಿದರೆ ಅವನ ಕಾಲೂ ಸೆಟೆಯುತ್ತಿತ್ತಂತೆ. ಸೋಮಾರಿ ಅಂತ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದ, ಅಷ್ಟೇ.

ರಿಪೋರ್ಟ್ ಬಂದ ಮೇಲೆ ಚಿಕ್ಕಮ್ಮ ಮಂಕಾದರು. ಸೊಸೆಗೆ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ತಾವೇ ಕೂತು ಮೊಮ್ಮಗಳ ತುಪ್ಪ ತೂಗತೊಡಗಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಪಂಕ್ತಿಯಲ್ಲಿ ರೇಖಾ ಇದನ್ನೆಲ್ಲ ಚುಟುಕಾಗಿ ವಿವರಿಸಿದಳು. ಅಜ್ಜಿ ಬಿಡಲಿಲ್ಲ. "ಅಂದ್ರೆ ವಂಶದ ಕಾಯಿಲೆ. ತಾಯಿ ಕಡೇದೇನು?"

ರೇಖಾ ತಲೆ ತಗ್ಗಿಸಿದಳು. ಅವಳ ಆಚೆ ಕೂತಿದ್ದ ಚಿಕ್ಕಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟರು.

"ನಮ್ಮ ಕಡೇದು ಕಣ್ರಿ, ನನ್ನ ಮಗನಿಂದ ಬಂದಿರಾದು," ಅಂದರು, ಸಾಲಿಗೆಲ್ಲ ಕೇಳುವಂತೆ. "ಗೊತ್ತಿಲ್ದೆ ನನ್ನ ಸೊಸೀನ ಅಂದಿದ್ದೆ. ತಪ್ಪಾತು. ಅವಳು ಹಿಂಗೆ ನೋಡ್ಕಂಡಿದ್ದಕ್ಕೇ ಕೂಸು ಇವತ್ತು ನೆಟ್ಟಗೆ ನಡೀತೈತೆ."

ರೇಖಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೇಕೆಂದು ಆರಿಸಿಕೊಂಡು ಯಾರಾದರೂ ಮಗುವಿಗೆ ಜೀನ್ ಕೊಡುತ್ತಾರಾ? ಮಂಜುನಾಥನದೂ ತಪ್ಪಲ್ಲ.

ಮಗುವಿನ ಬಣ್ಣ, ಮೂಗು, ಮಾರ್ಕ್ಸು ಎಲ್ಲ ನಮ್ಮ ಕಡೆಯವು ಎನ್ನುವ ನಾವು, ಕಾಯಿಲೆಯನ್ನು ಮಾತ್ರ ಸೊಸೆಯ ತವರಿನ ಬಾಗಿಲಿಗೆ ಯಾಕೆ ಕಳಿಸುತ್ತೇವೆ?