ಬಜೆಟ್ಟಿನಲ್ಲಿ ಇಲ್ಲದ ಕೌದಿ

ಕಳೆದ ವಾರ ಆಳಂದದ ನಮ್ಮ ಮನೆಗೆ ಹಾಡು ಕೇಳುವ ಹೈ-ಫೈ ಬಂತು! ಮದುವೆಯ ದಿನವೂ ನಾನು ಇಷ್ಟು ಕುಣಿದಿರಲಿಲ್ಲ. (ಹೆಂಡತಿ ಮಹಾದೇವಿ ಈ ಸಾಲು ಓದದಿರಲಿ.)

ಕಾರಣವೂ ಇತ್ತು. ನರೋಣಾದ ದೊಡ್ಡವ್ವನೂ ನಮ್ಮವ್ವನೂ ಕೂಡಿ ಹಾಡಿದ್ದ ಬೀಸುವ ಪದ ನನ್ನ ಮೊಬೈಲಿನಲ್ಲಿತ್ತು. ದೊಡ್ಡವ್ವ ಈಗಿಲ್ಲ. ಆ ಪುಟ್ಟ ಮೊಬೈಲಿನಲ್ಲಿ ಅವಳ ದನಿ ಕೇಳಿಸುವುದೂ ಇಲ್ಲ. ಅವ್ವನಿಗೆ ಅದನ್ನು ಕೇಳಿಸಲೇಬೇಕಿತ್ತು.

ಬಜೆಟ್ ಏನು ಸುಮ್ಮನೆ ಮಾಡಿದೆನೇ? ಊಟ ಬಿಟ್ಟು ವಿಡಿಯೊ ನೋಡಿದೆ. ಅರ್ಧ ದುಡ್ಡು ಸ್ಪೀಕರ್ ಜೋಡಿಗೆ, ಉಳಿದದ್ದರಲ್ಲಿ ಆಂಪ್ಲಿಫೈಯರ್, ಚಿಲ್ಲರೆಯಲ್ಲಿ ವೈರು, ಸ್ಟ್ಯಾಂಡು. ಹಣಕಾಸು ಮಂತ್ರಿಗೂ ಇಷ್ಟು ಹೆಮ್ಮೆ ಇರಲಿಕ್ಕಿಲ್ಲ.

ಆದರೆ ಅದೇ ದುಡ್ಡಿಗಾಗಿ ಮಹಾದೇವಿಯ ವಾಷಿಂಗ್ ಮಷೀನೂ ಕಾದಿತ್ತು. ವಾರದೊಳಗಾದರೆ ಅಂಗಡಿಯವರು ಹೈ-ಫೈ ವಾಪಸ್ ತೆಗೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಾಗಿಬಿಟ್ಟಿತು.

"ರವಿವಾರ ತನಕ ನೋಡ್ತೇನಿ. ಮನಸಿಗಿ ಬರಲಿಲ್ಲಂದ್ರ ವಾಪಸ್ ಕೊಟ್ಟು ಮಷೀನ್ ತರೂದು, ನೋಡ್ರಿ ಮತ್ತ!"

ಹೊಸ ವಸ್ತು ಅಂದರೆ ಅವ್ವನಿಗೆ ಪೂಜೆ ಆಗಬೇಕು. ಪೂಜೆ ಅಂದರೆ ಕೋಣೆ ಖಾಲಿ ಆಗಬೇಕು. ಗಾದಿ, ಟ್ರಂಕು, ಮೂಲೆಯಲ್ಲಿದ್ದ ಹಾಸಿ ಹೊದೆಯುವ ಕೌದಿಗಳ ರಾಶಿ, ಎಲ್ಲ ಹೊರಗೆ. ಫರ್ಶಿಯ ನೆಲ ತೊಳೆದು, ಸ್ಪೀಕರುಗಳಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಸ್ವಿಚ್ ಒತ್ತಿದೆ.

ಕೇಳಿಸಿದ್ದೇನು? ಬರೀ ಗದ್ದಲ! ಕಲ್ಲಿನ ಗೋಡೆ, ಕಲ್ಲಿನ ನೆಲ. ಒಂದು ಮಾತು ಮುಗಿಯುವ ಮೊದಲೇ ಹಿಂದಿನದು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು.

"ಯವ್ವಾ, ಬಾವ್ಯಾಗ ನಿಂತು ಒದರಿದಂಗ ಕೇಳಸಾಕತ್ತದಲ್ಲೋ!" ಅಂದಳು ಅವ್ವ. ಮಹಾದೇವಿ ಮೊಬೈಲಿನಲ್ಲಿ ಮಷೀನಿನ ಬಣ್ಣ ಆರಿಸತೊಡಗಿದಳು.

ಕೋಣೆ ಲಕಲಕ ಇರಲಿ ಎಂದು ನಾನು ಯಾವ ಸಾಮಾನನ್ನೂ ಒಳಗೆ ತರಿಸಲಿಲ್ಲ. ವಾರವಿಡೀ ವೈರು ಬದಲಿಸಿದ್ದೇ ಬದಲಿಸಿದ್ದು. ಏನೂ ಸುಧಾರಿಸಲಿಲ್ಲ.

ರವಿವಾರ ಸ್ಪೀಕರುಗಳನ್ನು ಡಬ್ಬಿಗೆ ತುಂಬಲು ಕೂತಿದ್ದೆ. ಅಷ್ಟರಲ್ಲಿ ಅತನೂರಿನಿಂದ ತಂಗಿ, ಬೀಗರ ಮಂದಿಯ ಸಮೇತ ಹಾಜರ್. "ಹಾಡಿನ ಡಬ್ಬಿ ತೋರಸೋ ಅಣ್ಣಾ!"

ಬೀಗರನ್ನು ಬರಿ ಫರ್ಶಿಯ ಮೇಲೆ ಕೂರಿಸುವುದುಂಟೇ? ಅವ್ವ ಕೌದಿಗಳನ್ನೆಲ್ಲ ತಂದು ಹಾಸಿದಳು. ಉಳಿದವನ್ನು ಗೋಡೆಯ ಗೂಟಗಳಿಗೆ ಹಾಕಿದಳು. "ಕಡೀ ಸಲ ಕೇಳ್ರಿ" ಎಂದು ನಾನು ಸ್ವಿಚ್ ಒತ್ತಿದೆ.

ಅಬ್ಬಬ್ಬಾ! ಗದ್ದಲ ಮಂಗಮಾಯ! ಬೀಸುಕಲ್ಲಿನ ಗರಗರ ಕೇಳಿಸಿತು. ಬಳೆ ಕೇಳಿಸಿತು. ಆಮೇಲೆ, ಅವ್ವನ ದನಿಯ ಪಕ್ಕದಲ್ಲೇ, ದೊಡ್ಡವ್ವ!

"ಅಕ್ಕ ಇಲ್ಲೇ ಕುಂತಂಗ ಅದಲ್ಲೋ..." ಅವ್ವ ನಗುತ್ತಲೇ ಅತ್ತಳು.

ಮೆತ್ತನೆಯ ಬಟ್ಟೆ ದನಿಯ ಮಾರ್ದನಿಯನ್ನು ಹೀರಿಕೊಳ್ಳುತ್ತದಂತೆ. (ವಿಡಿಯೊದವನೂ ಹೇಳಿದ್ದ. 'ಕೋಣೆಗೂ ಸ್ವಲ್ಪ ಖರ್ಚಿಡಿ' ಅಂದಾಗ ನಾನೇ ವಿಡಿಯೊ ಮುಂದೆ ಓಡಿಸಿದ್ದೆ.)

ಮಹಾದೇವಿ ಕಣ್ಣೊರೆಸಿಕೊಂಡು ಖಾಲಿ ಡಬ್ಬಿಯನ್ನು ಹೊರಗೆಸೆದಳು. "ಇರಲಿ ಬಿಡ್ರಿ ಇದು. ಅರಬಿ ಮಾತ್ರ ಇನ್ನ ನೀವ ಒಗೀರಿ."

ಬಟ್ಟೆ ಒಗೆಯುತ್ತೇನೆ, ಅದಕ್ಕೇನು! ನನ್ನ ಚಿಂತೆಯೇ ಬೇರೆ. ಮನೆಯ ಕೌದಿಗಳೆಲ್ಲ ಈಗ ಗೋಡೆ ಏರಿ ಕೂತಿವೆ, ಚಳಿಯೂ ಶುರುವಾಗಿದೆ. ನೀವೇ ಹೇಳಿ, ಈ ಸಲ ಕೌದಿ ಗೋಡೆಗೋ, ನನಗೋ?